ಪ್ರಶ್ನೋತ್ತರ: ಫ್ರೆಡರಿಕ್ ಹುತ್ ಮತ್ತು ಲಂಡನ್ನಿನ ಜರ್ಮನ್ ವರ್ತಕರು

ಜರ್ಮನಿಯಲ್ಲಿ ಹುಟ್ಟಿ, ಸ್ಪೇನಿನ ಬಂದರಿನಲ್ಲಿ ವ್ಯಾಪಾರ ನಡೆಸಿ, ಕೊನೆಗೆ ಲಂಡನ್ನಿನಲ್ಲಿ ನೆಲೆನಿಂತು ಹಡಗಿನ ವ್ಯಾಪಾರದಿಂದ ಬ್ಯಾಂಕಿಂಗಿಗೆ ಬೆಳೆದ ಫ್ರೆಡರಿಕ್ ಹುತ್ ಎಂಬ ವರ್ತಕನನ್ನು ಕುರಿತು ಕಳೆದ ಸಂಚಿಕೆಯಲ್ಲಿ ಒಂದು ಕಿರುಬರಹ ಪ್ರಕಟವಾಗಿತ್ತು. ಅದನ್ನು ಓದಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ದಲಾಲಿ ಮಂಡಿ, ಹತ್ತಿ ಗಿರಣಿ, ಎಣ್ಣೆ ಗಿರಣಿಗಳ ನೆರಳಿನಲ್ಲಿ ಬೆಳೆದವರ ಪ್ರಶ್ನೆಗಳು ಇವು. ವ್ಯಾಪಾರದ ಒಳಹೊರಗು ಬಲ್ಲವರು ಕೇಳಿದ್ದಾರೆಂಬ ಕಾರಣಕ್ಕೆ ಉತ್ತರಗಳೂ ಕೊಂಚ ವಿವರವಾಗಿವೆ.

ಪ್ರಶ್ನೆ: ಸಂಪಾದಕರೇ, ಹುತ್ ಎಂಬಾತ ಶ್ರೀಮಂತರ ಮನೆಯಲ್ಲಿ ಹುಟ್ಟಿದವನಲ್ಲ ಎಂದು ಬರೆದಿದ್ದೀರಿ. ಹಾಗಿದ್ದರೆ ಲಂಡನ್ನಿನಂಥ ನಗರದಲ್ಲಿ ಆತ ಬ್ಯಾಂಕರ್ ಆದದ್ದು ಹೇಗೆ? ಬಂಡವಾಳ ಎಲ್ಲಿಂದ ಬಂತು? (ಓದುಗರು, ಮಂಡಿಪೇಟೆ, ದಾವಣಗೆರೆ)

ಉತ್ತರ: ಹುತ್ ಹುಟ್ಟಿದ್ದು 1770ರ ದಶಕದಲ್ಲಿ, ಉತ್ತರ ಜರ್ಮನಿಯ ಹ್ಯಾನೋವರ್ ಸೀಮೆಗೆ ಸೇರಿದ್ದ ಹಾರ್ಸೆಫೆಲ್ಡ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿಂದ ಹೆಚ್ಚು ದೂರವಿಲ್ಲದ ಹ್ಯಾಂಬರ್ಗ್ ಆಗಲೇ ದೊಡ್ಡ ಬಂದರು. ಸ್ಪೇನಿನೊಡನೆ ವ್ಯವಹಾರವಿದ್ದ ಅಲ್ಲಿನ ಒಂದು ವರ್ತಕ ಸಂಸ್ಥೆಯಲ್ಲಿ ಆತ ಗುಮಾಸ್ತನಾಗಿ ಕೆಲಸ ಕಲಿತ. ಪತ್ರ ಬರೆಯುವುದು, ಸರಕಿನ ಪಟ್ಟಿ ತಯಾರಿಸುವುದು, ಬೇರೆ ಬೇರೆ ನಾಣ್ಯಗಳ ಲೆಕ್ಕ ಹೊಂದಿಸುವುದು, ಪರಭಾಷೆಗಳನ್ನು ಓದಿ ಬರೆಯುವುದು, ಇವು ಆ ಕಾಲದ ಗುಮಾಸ್ತಿಕೆಯ ಪಾಠಗಳು. 1797ರಲ್ಲಿ ಆ ಸಂಸ್ಥೆ ಆತನನ್ನು ಸ್ಪೇನಿನ ವಾಯವ್ಯ ಮೂಲೆಯ ಲಾ ಕೊರುನ್ಯಾ ಬಂದರಿಗೆ ಕಳಿಸಿತು. ಅಟ್ಲಾಂಟಿಕ್ ಸಾಗರಕ್ಕೆ ಮುಖ ಮಾಡಿದ ಈ ಬಂದರಿನಿಂದ ಸ್ಪೇನಿನ ಅಮೆರಿಕ ವಸಾಹತುಗಳಿಗೆ ಅಂಚೆಯ ಹಡಗುಗಳು ಹೊರಡುತ್ತಿದ್ದವು. ಅಲ್ಲಿ ಕೆಲವು ವರ್ಷ ದುಡಿದ ಮೇಲೆ ಹುತ್ ಸ್ವಂತ ವ್ಯಾಪಾರ ಆರಂಭಿಸಿದ, ಸ್ಪೇನಿನವಳೇ ಆದ ಮಾನುವೆಲಾ ಎಂಬುವಳನ್ನು ಮದುವೆಯಾಗಿ ಆ ಊರಿನವನೇ ಆಗಿಬಿಟ್ಟ.

ನೆಪೋಲಿಯನ್ನನ ಸೇನೆ ಸ್ಪೇನನ್ನು ಆಕ್ರಮಿಸದಿದ್ದರೆ ಹುತ್‌ನ ಹೆಸರು ಕೊರುನ್ಯಾದ ಕಡತಗಳಲ್ಲಿ ಮಾತ್ರ ಉಳಿಯುತ್ತಿತ್ತೇನೋ. 1809ರ ಜನವರಿಯಲ್ಲಿ, ಸರ್ ಜಾನ್ ಮೂರ್ ಎಂಬ ಸೇನಾನಿಯ ನಾಯಕತ್ವದಲ್ಲಿದ್ದ ಬ್ರಿಟಿಷ್ ದಂಡು ಹಿಮದ ಬೆಟ್ಟಗಳನ್ನು ದಾಟಿ ಹಿಮ್ಮೆಟ್ಟುತ್ತ ಇದೇ ಬಂದರಿಗೆ ಬಂತು. 16ನೆಯ ತಾರೀಕಿನ ಕದನದಲ್ಲಿ ಮೂರ್ ಮಡಿದ. ಉಳಿದ ಸೈನಿಕರು ಹಡಗು ಹತ್ತಿ ಹೊರಟುಹೋದ ಮೇಲೆ ಊರು ಫ್ರೆಂಚರ ವಶವಾಯಿತು. ಫ್ರೆಂಚರ ಈ ದಾಳಿಯ ದೆಸೆಯಿಂದ ಹುತ್ ಕೂಡ ಹೆಂಡತಿ ಮಕ್ಕಳೊಡನೆ ಬ್ರಿಟಿಷ್ ನೌಕಾದಳದ ಬೆಂಗಾವಲಿನಲ್ಲಿ ಇಂಗ್ಲೆಂಡಿಗೆ ಹೊರಟ. ಅದೇ ವರ್ಷ ಲಂಡನ್ನಿನಲ್ಲಿ ತನ್ನ ಹೆಸರಿನ ಸಂಸ್ಥೆ ತೆರೆದ.

ತಾವು ಕೇಳಿದ ಬಂಡವಾಳದ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಣದ ರೂಪದಲ್ಲಿ ಆತ ತಂದದ್ದು ದೊಡ್ಡದಲ್ಲ. ಆದರೆ ಹ್ಯಾಂಬರ್ಗಿನ ವರ್ತಕರು ಆತನನ್ನು ಗುಮಾಸ್ತನಾಗಿದ್ದಾಗಿನಿಂದ ಬಲ್ಲರು, ಸ್ಪೇನಿನ ವರ್ತಕರು ಆತನೊಡನೆ ಲೆಕ್ಕ ಚುಕ್ತಾ ಮಾಡಿ ನೋಡಿದ್ದರು, ದಕ್ಷಿಣ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ಪೇನಿನವರೊಡನೆ ಅವರದೇ ಭಾಷೆಯಲ್ಲಿ ವ್ಯವಹರಿಸುವುದು ಆತನಿಗೆ ಸಲೀಸಾಗಿತ್ತು. ಯುದ್ಧದ ಹೊತ್ತಿನಲ್ಲಿ ಯೂರೋಪಿನ ಬಂದರುಗಳೆಲ್ಲ ಮುಚ್ಚಿ, ಯಾರ ಸರಕು ಯಾರ ಕೈಗೆ ಹೋಗುವುದೋ ತಿಳಿಯದೆ ಎಲ್ಲರೂ ಅಂಜಿದ್ದಾಗ, ಲಂಡನ್ನಿನಲ್ಲಿ ಕೂತು ತಮ್ಮ ಪರವಾಗಿ ಕೊಂಡು ಮಾರುವ ಒಬ್ಬ ನಂಬಿಕಸ್ತ ಇದ್ದಾನೆಂಬುದು ದೂರದ ವರ್ತಕರಿಗೆ ದೊಡ್ಡ ಆಸರೆಯಾಗಿತ್ತು. ಮೊದಮೊದಲು ಆತ ಮಾಡಿದ್ದು ಅಡತಿ ಕೆಲಸವೇ: ಅವರ ಸರಕನ್ನು ಇಳಿಸಿಕೊಂಡು, ಮಾರಿ, ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಕಳಿಸುವುದು. 1819ರಲ್ಲಿ ಆತ ಬ್ರಿಟಿಷ್ ಪ್ರಜೆಯಾದ. ದಕ್ಷಿಣ ಅಮೆರಿಕದ ವಸಾಹತುಗಳು ಸ್ಪೇನಿನ ಹಿಡಿತದಿಂದ ಬಿಡಿಸಿಕೊಂಡ ಬೆನ್ನಲ್ಲೇ, 1824ರಲ್ಲಿ, ಚಿಲಿ ದೇಶದ ವಾಲ್ಪರೈಸೊ ಬಂದರಿನಲ್ಲಿ ಶಾಖೆ ತೆರೆದ. 1839ರಲ್ಲಿ ಹತ್ತಿಯ ದೊಡ್ಡ ಮಾರುಕಟ್ಟೆಯಾಗಿದ್ದ ಲಿವರ್‌ಪೂಲಿನಲ್ಲಿ ಇನ್ನೊಂದು. ಸ್ಪೇನಿನ ರಾಣಿ ಮರಿಯಾ ಕ್ರಿಸ್ಟಿನಾಳ ಹಣಕಾಸಿನ ವ್ಯವಹಾರವನ್ನು ನೋಡಿಕೊಳ್ಳುವ ಮಟ್ಟಕ್ಕೆ ಸಂಸ್ಥೆ ಬೆಳೆಯಿತು. 1864ರಲ್ಲಿ ಹುತ್ ತೀರಿಕೊಂಡಾಗ ಅದು ಲಂಡನ್ನಿನ ಹಿರಿಯ ವರ್ತಕ ಬ್ಯಾಂಕುಗಳಲ್ಲಿ ಒಂದಾಗಿತ್ತು.

ಪ್ರಶ್ನೆ: ಇಂಥ ಸಂಸ್ಥೆಗಳು ಬಿಲ್ಲುಗಳನ್ನು ಅಂಗೀಕರಿಸಿ ದುಡ್ಡು ಮಾಡಿದವು ಎಂದಿದ್ದೀರಿ. ನಮ್ಮ ತಂದೆಯವರ ಕಾಲದಲ್ಲಿ ನಮ್ಮ ಗಿರಣಿಯಲ್ಲಿ ಹುಂಡಿ ನಡೆಯುತ್ತಿತ್ತು. ಎರಡೂ ಒಂದೆಯೋ, ಬೇರೆಯೋ? ದಯವಿಟ್ಟು ಲೆಕ್ಕದ ಉದಾಹರಣೆಯೊಂದಿಗೆ ತಿಳಿಸಿ. (ಎಣ್ಣೆ ಗಿರಣಿಯ ಲೆಕ್ಕಿಗರು, ಚಳ್ಳಕೆರೆ)

ಉತ್ತರ: ಬಂದ ಪತ್ರಗಳಲ್ಲೆಲ್ಲ ಮುಖ್ಯವಾದ ಪ್ರಶ್ನೆ ಇದು. ಹುತ್, ಬೇರಿಂಗ್, ಶ್ರೋಡರ್ ಮೊದಲಾದ ಲಂಡನ್ನಿನ ಜರ್ಮನ್ ಮೂಲದ ವರ್ತಕರ ಏಳಿಗೆಯನ್ನು ಅವರ ಜಾಣತನದಿಂದ ವಿವರಿಸುವ ಬರಹಗಳು ಬೇಕಾದಷ್ಟಿವೆ. ಜಾಣರು ಎಲ್ಲ ಬಂದರುಗಳಲ್ಲೂ ಇದ್ದರು. ಇವರನ್ನು ಮೇಲೆತ್ತಿದ್ದು, ಗೊತ್ತಾದ ದಿನ ಇಂತಿಷ್ಟು ಹಣ ಕೊಡಿ ಎಂದು ಬರೆದ ಬಿಲ್ಲು ಎಂಬ ಕಾಗದದ ಮೇಲೆ ಇವರು ಹಾಕುತ್ತಿದ್ದ ಸಹಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಲೆಕ್ಕ ಸುಲಭವಾಗಲೆಂದು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ವಾಲ್ಪರೈಸೊದ ವರ್ತಕನೊಬ್ಬ 900 ಪೌಂಡು ಬೆಲೆಯ ತಾಮ್ರವನ್ನು ಲಿವರ್‌ಪೂಲಿಗೆ ಹೋಗುವ ಹಡಗಿಗೆ ಏರಿಸುತ್ತಾನೆ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿಕೊಂಡು ಹಾಯಿಹಡಗು ಅಲ್ಲಿಗೆ ಮುಟ್ಟಲು ಮೂರು ನಾಲ್ಕು ತಿಂಗಳು ಬೇಕು. ಅಲ್ಲಿಯವರೆಗೆ ಕಾಯಲು ಈ ವರ್ತಕನಿಗೆ ಆಗದು, ಗಣಿಯವನಿಗೆ ಈಗಲೇ ಹಣ ಕೊಡಬೇಕು. ಆತ ಹಡಗಿನ ಕಪ್ತಾನನಿಂದ ಪಡೆದ ಸರಕಿನ ರಸೀದಿಯನ್ನೂ ವಿಮೆಯ ಪತ್ರವನ್ನೂ ಹುತ್ ಸಂಸ್ಥೆಯ ಶಾಖೆಗೆ ಒಪ್ಪಿಸುತ್ತಾನೆ. ಸರಕಿನ ಬೆಲೆಯ ಮೂರರಲ್ಲಿ ಎರಡು ಪಾಲಿಗೆ, ಅಂದರೆ 600 ಪೌಂಡಿಗೆ, ಲಂಡನ್ನಿನ ಹುತ್ ಹೆಸರಿಗೆ ಬಿಲ್ಲು ಬರೆಯಲು ಶಾಖೆ ಆತನಿಗೆ ಅನುಮತಿ ಕೊಡುತ್ತದೆ. ‘ಈ ಪತ್ರ ನೋಡಿದ ತೊಂಬತ್ತು ದಿನಕ್ಕೆ ಇದನ್ನು ತಂದವರಿಗೆ 600 ಪೌಂಡು ಕೊಡತಕ್ಕದ್ದು’ ಎಂಬುದು ಬಿಲ್ಲಿನ ಸಾರ.

ವಾಲ್ಪರೈಸೊದಲ್ಲಿಯೇ ಇನ್ನೊಬ್ಬ ವರ್ತಕನಿದ್ದಾನೆ. ಆತ ಇಂಗ್ಲೆಂಡಿನ ಲ್ಯಾಂಕಶೈರಿನಿಂದ ಬಟ್ಟೆ ತರಿಸಿ ಮಾರಿದವನು. ಅಲ್ಲಿನ ಗಿರಣಿಗೆ ಹಣ ಕಳಿಸಬೇಕು. ಬೆಳ್ಳಿಯ ನಾಣ್ಯವನ್ನು ಹಡಗಿನಲ್ಲಿ ಕಳಿಸಿದರೆ ಸಾಗಣೆಯ ಖರ್ಚು, ವಿಮೆಯ ಖರ್ಚು, ಕಡಲಿನ ಭಯ ಮೂರೂ ಸೇರುತ್ತವೆ. ಆದ್ದರಿಂದ ಆತ ತಾಮ್ರದವನಿಗೆ ಸ್ಥಳೀಯ ನಾಣ್ಯ ಕೊಟ್ಟು ಈ ಬಿಲ್ಲನ್ನು ಕೊಂಡು ಅಂಚೆಯಲ್ಲಿ ಗಿರಣಿಗೆ ಕಳಿಸುತ್ತಾನೆ. ತಾಮ್ರದವನ ಕೈಗೆ ಅಲ್ಲಿಗಲ್ಲಿಗೇ ಹಣ ಬಂತು. ಗಿರಣಿಯವನು ಬಿಲ್ಲನ್ನು ಲಂಡನ್ನಿನ ಹುತ್ ಕಚೇರಿಗೆ ತೋರಿಸುತ್ತಾನೆ. ಕಚೇರಿ ಅದರ ಮೇಲೆ ಅಡ್ಡಲಾಗಿ ‘ಅಂಗೀಕರಿಸಿದೆ’ ಎಂದು ಬರೆದು ಸಹಿ ಹಾಕುತ್ತದೆ. ಆ ಗಳಿಗೆಯಿಂದ 600 ಪೌಂಡಿನ ಹೊಣೆ ಹುತ್‌ನದು. ಗಿರಣಿಯವನಿಗೂ ತೊಂಬತ್ತು ದಿನ ಕಾಯುವ ಅಗತ್ಯವಿಲ್ಲ, ಸೋಡಿ ಕಳೆದು ನಗದು ಕೊಡುವ ದಲ್ಲಾಳಿಗಳು ಲಂಡನ್ನಿನ ತುಂಬ ಇದ್ದರು. ಅವರಿಗೆ ನಗದಿನ ಮುಗ್ಗಟ್ಟಾದರೆ ಬ್ಯಾಂಕ್ ಆಫ್ ಇಂಗ್ಲೆಂಡ್ ಅಂಥ ಬಿಲ್ಲುಗಳನ್ನು ಕೊಳ್ಳುತ್ತಿತ್ತು, ಆದರೆ ಒಳ್ಳೆಯ ಬ್ರಿಟಿಷ್ ಹೆಸರುಗಳು ಅದರ ಮೇಲಿದ್ದರೆ ಮಾತ್ರ. ಈ ನಡುವೆ ತಾಮ್ರ ಬಂದಿಳಿದು ಮಾರಾಟವಾಗುತ್ತದೆ. ವಾಯಿದೆಯ ದಿನ ಹುತ್ 600 ಪೌಂಡು ತೆತ್ತು, ತನ್ನ ಕಮಿಷನ್ ಮತ್ತು ಖರ್ಚು ಹಿಡಿದುಕೊಂಡು, ಉಳಿದ ಹಣವನ್ನು ತಾಮ್ರದವನ ಖಾತೆಗೆ ಜಮಾ ಮಾಡುತ್ತಾನೆ.

ಇಷ್ಟೂ ವ್ಯವಹಾರದಲ್ಲಿ ಸಾಗರ ದಾಟಿದ ನಾಣ್ಯ ಒಂದೂ ಇಲ್ಲ. ಎಲ್ಲವೂ ನೆಟ್ಟಗೆ ನಡೆದರೆ ಹುತ್ ತನ್ನ ಪೆಟ್ಟಿಗೆಯಿಂದ ಹಣ ತೆಗೆಯಬೇಕಾಗಿಯೂ ಇಲ್ಲ. ಆದರೆ ಹಡಗು ತಡವಾದರೆ, ತಾಮ್ರದ ಬೆಲೆ ಕುಸಿದರೆ, ವಾಲ್ಪರೈಸೊದ ವರ್ತಕ ದಿವಾಳಿಯಾದರೆ, ಆಗಲೂ ವಾಯಿದೆಯ ದಿನ ಹಣ ತೆರಲೇಬೇಕು. ಬೆಲೆಯ ಮೂರರಲ್ಲಿ ಒಂದು ಪಾಲನ್ನು ಉಳಿಸಿಕೊಂಡು ಮುಂಗಡ ಕೊಡುತ್ತಿದ್ದುದು ಈ ಕಾರಣಕ್ಕೆ. ಯಾವ ಊರಿನ ಯಾರಿಗೆ ಎಷ್ಟರವರೆಗೆ ನಂಬಬಹುದು ಎಂಬುದನ್ನು ತಿಳಿಸುವ ಪತ್ರಗಳು ಇಂಥ ಕಚೇರಿಗಳಿಗೆ ಪ್ರತಿ ಅಂಚೆಯಲ್ಲೂ ಬರುತ್ತಿದ್ದವು. ಆ ಪತ್ರಗಳನ್ನು ಓದಿ ತೂಗುವುದೇ ಮಾಲೀಕರ ನಿಜವಾದ ಕಸುಬು. 1837ರಲ್ಲಿ ಅಮೆರಿಕದಲ್ಲಿ ಹತ್ತಿಯ ಬೆಲೆ ಬಿದ್ದು ಸಾಲಗಳು ಮುರಿದುಬಿದ್ದಾಗ, ಲಂಡನ್ನಿನಲ್ಲಿ ಅಮೆರಿಕದ ಬಿಲ್ಲುಗಳನ್ನು ಮಿತಿಮೀರಿ ಅಂಗೀಕರಿಸಿದ್ದ ವಿಲ್ಸನ್, ವಿಗಿನ್, ವೈಲ್ಡ್ಸ್ ಎಂಬ ಮೂರು ಸಂಸ್ಥೆಗಳು ಒಂದರ ಹಿಂದೊಂದು ನೆಲಕಚ್ಚಿದವು. ಬೇರಿಂಗ್ ಮತ್ತು ಹುತ್ ಉಳಿದುಕೊಂಡರು.

ಈಗ ಹುಂಡಿಯ ಮಾತು. ತತ್ತ್ವ ಒಂದೇ. ತೋರಿಸಿದ ಕೂಡಲೇ ಹಣ ಕೊಡಬೇಕಾದ ದರ್ಶನಿ ಹುಂಡಿ, ಗೊತ್ತಾದ ಅವಧಿಯ ನಂತರ ಕೊಡಬೇಕಾದ ಮುದ್ದತಿ ಹುಂಡಿ ಎರಡೂ ತಮಗೆ ತಿಳಿದವೇ. ಮೇಲಿನ ಬಿಲ್ಲು ಮುದ್ದತಿ ಹುಂಡಿಯ ಜಾತಿಯದು. ಕಡಲ ವ್ಯಾಪಾರಕ್ಕೆ ಇನ್ನೂ ಹತ್ತಿರವಾದದ್ದು ಪಶ್ಚಿಮ ಕರಾವಳಿಯ ವರ್ತಕರು ಬಳಸುತ್ತಿದ್ದ ಜೋಖಮಿ ಹುಂಡಿ: ಸರಕು ಸುರಕ್ಷಿತವಾಗಿ ತಲುಪಿದರೆ ಮಾತ್ರ ಹಣ ಕೊಡಬೇಕು, ಹಡಗು ಮುಳುಗಿದರೆ ಹುಂಡಿ ಕೊಂಡವನಿಗೇ ನಷ್ಟ. ಸಾಲ ಮತ್ತು ವಿಮೆ ಎರಡನ್ನೂ ಒಂದೇ ಕಾಗದದಲ್ಲಿ ಅಡಕಗೊಳಿಸಿದ ಈ ಪದ್ಧತಿಯನ್ನು ನೆನೆದಾಗ ನಮ್ಮ ಹಳೆಯ ಸಾಹುಕಾರರ ಬಗ್ಗೆ ಗೌರವ ಮೂಡುತ್ತದೆ. ಭಾರತದಲ್ಲಿ ಇಂಥ ಪತ್ರಗಳಿಗಾಗಿ 1881ರಲ್ಲಿ ಬಂದ ಕಾಯ್ದೆಯೂ ದೇಶಭಾಷೆಗಳಲ್ಲಿ ಬರೆದ ಹುಂಡಿಗಳ ಸ್ಥಳೀಯ ರೂಢಿಗೆ ಧಕ್ಕೆ ತರದೆ ಬಿಟ್ಟಿತು.

ವ್ಯತ್ಯಾಸ ಇರುವುದು ಹರವಿನಲ್ಲಿ. ಮಂಡಿಯ ಸಾಹುಕಾರರು ರೈತನ ಫಸಲಿನ ಮೇಲೆ ಮುಂಗಡ ಕೊಡುವಾಗ ತಮ್ಮ ಹಣವನ್ನೇ ಕೊಡುತ್ತಿದ್ದರು. ಅವರ ಹುಂಡಿಗೆ ಅವರ ಹೆಸರು ಗೊತ್ತಿದ್ದ ಪೇಟೆಗಳಲ್ಲಿ ಮಾತ್ರ ಬೆಲೆ. ಲಂಡನ್ನಿನ ಸಹಿಗಾದರೋ ನ್ಯೂಯಾರ್ಕ್, ಹವಾನಾ, ಮುಂಬಯಿ, ಕ್ಯಾಂಟನ್ ಎಲ್ಲ ಕಡೆಯೂ ಕೊಳ್ಳುವವರಿದ್ದರು. ಅದರ ಹಿಂದೆ ಬ್ರಿಟನ್ನಿನ ನೌಕಾಬಲ, ಬ್ಯಾಂಕ್ ಆಫ್ ಇಂಗ್ಲೆಂಡಿನ ಬೆಂಬಲ ಮತ್ತು ಪೌಂಡಿನ ಸ್ಥಿರತೆ ನಿಂತಿದ್ದವು. ನಮ್ಮ ಸಾಹುಕಾರರಲ್ಲಿ ಬುದ್ಧಿಗೆ ಕೊರತೆ ಇರಲಿಲ್ಲ. ಅವರ ಬೆನ್ನಿಗೆ ಅಂಥ ರಾಜ್ಯಶಕ್ತಿ ಇರಲಿಲ್ಲ.

ಪ್ರಶ್ನೆ: ಜರ್ಮನಿಯವರು ತಮ್ಮ ಊರು ಬಿಟ್ಟು ಲಂಡನ್ನಿಗೇ ಏಕೆ ಹೋದರು? ಹ್ಯಾಂಬರ್ಗಿನಲ್ಲಿಯೇ ಬಂದರು ಇತ್ತಲ್ಲವೆ? (ಇತಿಹಾಸದ ವಿದ್ಯಾರ್ಥಿನಿ, ಹರಿಹರ)

ಉತ್ತರ: ಮೊದಲು ನೆನಪಿಡಬೇಕಾದದ್ದು, 1871ರವರೆಗೆ ಜರ್ಮನಿ ಎಂಬ ಒಂದು ರಾಷ್ಟ್ರ ಇರಲಿಲ್ಲ. ಹ್ಯಾಂಬರ್ಗ್, ಬ್ರೆಮೆನ್, ಫ್ರಾಂಕ್‌ಫರ್ಟ್ ಇವೆಲ್ಲ ತಮ್ಮ ಆಡಳಿತವನ್ನು ತಾವೇ ನಡೆಸುತ್ತಿದ್ದ ನಗರಗಳು. ವ್ಯಾಪಾರದ ಅನುಭವ ಅಪಾರವಾಗಿತ್ತು, ಆದರೆ ವಸಾಹತುಗಳಿರಲಿಲ್ಲ, ತಮ್ಮ ಹಡಗುಗಳನ್ನು ಕಾಯುವ ನೌಕಾಪಡೆಯೂ ಇರಲಿಲ್ಲ. ಇಂಗ್ಲೆಂಡಿನ ನೌಕಾಯಾನ ಶಾಸನಗಳು 1651ರಿಂದ 1849ರವರೆಗೆ ಅಲ್ಲಿನ ವಸಾಹತು ವ್ಯಾಪಾರವನ್ನು ಬ್ರಿಟಿಷ್ ಹಡಗುಗಳಿಗೆ, ಬ್ರಿಟಿಷ್ ಪ್ರಜೆಗಳಿಗೆ ಮೀಸಲಿಟ್ಟಿದ್ದವು. ಒಳಗೆ ಹೋಗಬೇಕಾದರೆ ಆ ದೇಶದ ಪ್ರಜೆಯಾಗಬೇಕು. ಅದಕ್ಕೆ ಪಾರ್ಲಿಮೆಂಟು ಒಬ್ಬೊಬ್ಬರ ಹೆಸರಿಗೂ ಪ್ರತ್ಯೇಕ ಶಾಸನ ಮಾಡುತ್ತಿತ್ತು. ಹೀಗಾಗಿ ದೊಡ್ಡ ಮನೆತನಗಳು ಒಬ್ಬ ಮಗನನ್ನು ಊರಿನಲ್ಲಿರಿಸಿಕೊಂಡು ಇನ್ನೊಬ್ಬನನ್ನು ಲಂಡನ್ನಿಗೆ ಕಳಿಸುವುದು ರೂಢಿಯಾಯಿತು.

ಇವರಲ್ಲಿ ಮೊದಲಿಗನೆನ್ನಬಹುದಾದ ಯೋಹಾನ್ ಬೇರಿಂಗ್ 1697ರಲ್ಲಿ ಬ್ರೆಮೆನ್ನಿನಲ್ಲಿ ಹುಟ್ಟಿದವನು. 1717ರಲ್ಲಿ ನೈರುತ್ಯ ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣಕ್ಕೆ ಉಣ್ಣೆ ಬಟ್ಟೆಯ ವ್ಯಾಪಾರ ಕಲಿಯಲು ಹೋಗಿ ಅಲ್ಲಿಯೇ ನೆಲೆಸಿದ. ಅವನ ಮಕ್ಕಳು 1762ರಲ್ಲಿ ಲಂಡನ್ನಿನಲ್ಲಿ ತೆರೆದ ಸಂಸ್ಥೆಯೇ ಮುಂದೆ ಜಗತ್ಪ್ರಸಿದ್ಧವಾದ ಬೇರಿಂಗ್ ಬ್ಯಾಂಕು. ಮಗ ಫ್ರಾನ್ಸಿಸ್ ಬೇರಿಂಗ್ ನಮಗೆ ಸಂಬಂಧಿಸಿದವನೂ ಹೌದು: ಟಿಪ್ಪುವಿನೊಡನೆ ಮೂರನೆಯ ಮೈಸೂರು ಯುದ್ಧ ಮುಗಿದು ಒಪ್ಪಂದವಾದ 1792ರಲ್ಲಿಯೇ ಆತ ಈಸ್ಟ್ ಇಂಡಿಯಾ ಕಂಪನಿಯ ಅಧ್ಯಕ್ಷನಾದ. 1803ರಲ್ಲಿ ಅಮೆರಿಕ ಫ್ರಾನ್ಸಿನಿಂದ ಲೂಯಿಸಿಯಾನ ಪ್ರಾಂತವನ್ನು ಕೊಂಡಾಗ ಹಣದ ಏರ್ಪಾಡು ಮಾಡಿದವರು ಬೇರಿಂಗ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಹೋಪ್ ಸಂಸ್ಥೆಯವರು.

ಎರಡನೆಯ ದೊಡ್ಡ ಅಲೆ ಎದ್ದದ್ದು ನೆಪೋಲಿಯನ್ನನ ಕಾಲದಲ್ಲಿ. 1806ರಲ್ಲಿ ಫ್ರೆಂಚರು ಹ್ಯಾಂಬರ್ಗನ್ನು ಹಿಡಿದು ಬ್ರಿಟನ್ನಿನೊಡನೆ ವ್ಯಾಪಾರವನ್ನೇ ನಿಷೇಧಿಸಿದರು. ಆ ಹೊತ್ತಿಗಾಗಲೇ ಲಂಡನ್ನಿನಲ್ಲಿ ಕಾಲೂರಿದ್ದವರಿಗೆ ಅದು ಅವಕಾಶವಾಯಿತು. ಹ್ಯಾಂಬರ್ಗಿನ ಶ್ರೋಡರ್ ಮನೆತನದ ಯೋಹಾನ್ ಹೈನ್ರಿಕ್ 1818ರಲ್ಲಿ ಲಂಡನ್ನಿನಲ್ಲಿ ಸ್ವಂತ ಸಂಸ್ಥೆ ತೆರೆದ. ಫ್ರಾಂಕ್‌ಫರ್ಟಿನ ಯಹೂದಿ ಕೇರಿಯಲ್ಲಿ 1777ರಲ್ಲಿ ಹುಟ್ಟಿದ ನೇಥನ್ ರಾಥ್ಸ್‌ಚೈಲ್ಡ್, ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಮ್ಯಾಂಚೆಸ್ಟರಿಗೆ ಬಂದು ಬಟ್ಟೆಯ ರಫ್ತು ಮಾಡುತ್ತ, ಆಮೇಲೆ ಲಂಡನ್ನಿಗೆ ಹೋಗಿ ಬ್ಯಾಂಕರ್ ಆದ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ದಾವಣಗೆರೆಯ ಓದುಗರಿಗೆ ಈ ವಿವರ ಆಸಕ್ತಿ ಹುಟ್ಟಿಸಬಹುದು.

ಪರಸ್ಥಳದ ವರ್ತಕರನ್ನು ಕರೆದು ನೆಲೆ ಕೊಟ್ಟರೆ ಪೇಟೆ ಬೆಳೆಯುತ್ತದೆ ಎಂಬುದಕ್ಕೆ ವಿದ್ಯಾರ್ಥಿನಿಯವರು ಲಂಡನ್ನಿನವರೆಗೆ ಹೋಗಬೇಕಾಗಿಲ್ಲ. ಹೈದರ್ ಅಲಿ ದಾವಣಗೆರೆಯನ್ನು ಅಪ್ಪಾಜಿ ರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಅವನು ವರ್ತಕರನ್ನು ಪ್ರೋತ್ಸಾಹಿಸಿ ನೆಲೆಗೊಳಿಸಿದ್ದರಿಂದ ಹಳ್ಳಿಯಾಗಿದ್ದ ಊರು ಪೇಟೆಯಾಯಿತೆಂದೂ ಹಳೆಯ ಗೆಜೆಟಿಯರಿನಲ್ಲಿ ದಾಖಲಾಗಿದೆ. ಮಲೆನಾಡಿನ ಅಡಿಕೆ, ಮೆಣಸನ್ನು ಇಲ್ಲಿನ ವೀರಶೈವ ವರ್ತಕರು ಆರ್ಕಾಟಿನ ಬಳಿಯ ವಾಲಾಜಾಪೇಟೆಗೆ ಸಾಗಿಸಿ, ಮದರಾಸಿನ ಕಡೆಯ ಸರಕನ್ನು ತರುತ್ತಿದ್ದರು.

ಪ್ರಶ್ನೆ: ಈ ಕಥೆಗಳಲ್ಲೆಲ್ಲ ಗಂಡಸರೇ ಇದ್ದಾರೆ. ಹೆಣ್ಣುಮಕ್ಕಳ ಪಾತ್ರ ಇರಲಿಲ್ಲವೆ? (ನಿವೃತ್ತ ಶಿಕ್ಷಕಿ, ಚಿತ್ರದುರ್ಗ)

ಉತ್ತರ: ಇತ್ತು, ಮತ್ತು ಅದನ್ನು ಹೇಳದೆ ಬಿಡುವುದು ಅನ್ಯಾಯ. ಯೋಹಾನ್ ಬೇರಿಂಗ್ 1748ರಲ್ಲಿ ತೀರಿಕೊಂಡಾಗ ವ್ಯಾಪಾರದ ಹೊಣೆ ಹೊತ್ತವಳು ಅವನ ಹೆಂಡತಿ ಎಲಿಜಬೆತ್. ಎಕ್ಸೆಟರಿನ ವರ್ತಕರ ಮನೆಯ ಮಗಳಾದ ಆಕೆ 1766ರಲ್ಲಿ ತಾನು ಸಾಯುವವರೆಗೂ ಆ ವ್ಯಾಪಾರವನ್ನು ನಡೆಸಿ, ಗಂಡ ಬಿಟ್ಟುಹೋದದ್ದಕ್ಕಿಂತ ಹೆಚ್ಚು ಬೆಳೆಸಿದಳು. ಮಕ್ಕಳು ಲಂಡನ್ನಿನಲ್ಲಿ ಸಂಸ್ಥೆ ತೆರೆಯಲು ಬೇಕಾದ ಬಲ ಒದಗಿದ್ದು ಆಕೆಯ ದುಡಿಮೆಯಿಂದ. ಬ್ಯಾಂಕಿನ ಸ್ಥಾಪಕರ ಸಾಲಿನಲ್ಲಿ ಆಕೆಯ ಹೆಸರನ್ನೂ ಸೇರಿಸಬೇಕೆಂಬುದು ನಮ್ಮ ನಿಲುವು. ಮದುವೆಯ ಸಂಬಂಧಗಳೂ ವ್ಯಾಪಾರದ ಭಾಗವೇ ಆಗಿದ್ದವು: ಬ್ರೆಮೆನ್ನಿನಿಂದ ಬಂದು ಹುತ್ ಸಂಸ್ಥೆಗೆ ಸೇರಿದ ಡೇನಿಯಲ್ ಮೈನರ್ಟ್ಸ್‌ಹಾಗೆನ್ ಎಂಬ ತರುಣ ಹುತ್‌ನ ಮಗಳನ್ನು ಮದುವೆಯಾಗಿ ಪಾಲುದಾರನಾದ, ಮುಂದೆ ಆ ಮನೆತನವೇ ಸಂಸ್ಥೆಯನ್ನು ನಡೆಸುವವರಲ್ಲಿ ಮುಖ್ಯವಾಯಿತು.

ಪ್ರಶ್ನೆ: ತಾವು ಈ ಸಾಹುಕಾರರನ್ನು ಬಹಳ ಹೊಗಳಿದ್ದೀರಿ ಎನ್ನಿಸುತ್ತದೆ. ಅವರ ಹಡಗುಗಳಲ್ಲಿ ಬಂದ ಸಕ್ಕರೆ, ಹತ್ತಿ ಯಾರ ಬೆವರಿನಿಂದ ಬೆಳೆದದ್ದು? ನಮ್ಮ ಎರೆಹೊಲಗಳ ರೈತರಿಗೆ ಅವರಿಂದ ಆದದ್ದೇನು? (ಹತ್ತಿ ಬೆಳೆಗಾರರು, ಜಗಳೂರು)

ಉತ್ತರ: ಈ ಪ್ರಶ್ನೆಯನ್ನು ಕೇಳಿದ್ದಕ್ಕಾಗಿ ತಮಗೆ ವಂದನೆಗಳು. ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಲಿವರ್‌ಪೂಲಿಗೆ ಬರುತ್ತಿದ್ದ ಹತ್ತಿಯ ಬಹುಪಾಲನ್ನು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರು ಬೆಳೆಯುತ್ತಿದ್ದರು. ಕ್ಯೂಬಾದ ಸಕ್ಕರೆಯೂ ಗುಲಾಮರ ದುಡಿಮೆಯದೇ. ಅಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1886ರಲ್ಲಿ. ಹೋಲ್‌ಸ್ಟೈನ್ ಸೀಮೆಯಲ್ಲಿ ಹುಟ್ಟಿದ ಅಲೆಕ್ಸಾಂಡರ್ ಕ್ಲೈನ್‌ವರ್ಟ್ ಹವಾನಾದಲ್ಲಿ ಗುಮಾಸ್ತನಾಗಿ ದುಡಿದು, 1855ರಲ್ಲಿ ಲಂಡನ್ನಿಗೆ ಬಂದು ಬ್ಯಾಂಕರ್ ಆದದ್ದು ಈ ಸಕ್ಕರೆಯ ವ್ಯಾಪಾರದ ಬಲದಿಂದಲೇ. ಬಿಲ್ಲಿನ ಮೇಲೆ ಸರಕಿನ ಬೆಲೆ ಇರುತ್ತಿತ್ತು, ವಾಯಿದೆ ಇರುತ್ತಿತ್ತು, ಅದನ್ನು ಬೆಳೆದವರ ಸ್ಥಿತಿ ಇರುತ್ತಿರಲಿಲ್ಲ. ಲಂಡನ್ನಿನ ಶುಭ್ರವಾದ ಕಚೇರಿಯಲ್ಲಿ ಕೂತು ಸಹಿ ಹಾಕಿದವರಿಗೆ ಆ ಸ್ಥಿತಿ ತಿಳಿದಿರಲಿಲ್ಲವೆಂದು ನಂಬಲು ಸಾಧ್ಯವಿಲ್ಲ. ಬ್ರಿಟನ್ನಿನಲ್ಲಿ ಗುಲಾಮಗಿರಿಯ ವಿರುದ್ಧ ಚಳವಳಿ ನಡೆದದ್ದು, ಬ್ರಿಟಿಷ್ ವಸಾಹತುಗಳಲ್ಲಿ ಅದನ್ನು ರದ್ದು ಮಾಡುವ ಶಾಸನ 1833ರಲ್ಲಿ ಬಂದದ್ದು ಅವರ ಕಣ್ಣೆದುರಿಗೇ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ಇದು ಇನ್ನಷ್ಟು ಬಯಲಾಯಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುತ್ತಿ ಹತ್ತಿಯ ಹಡಗುಗಳನ್ನು ತಡೆಯಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡುತ್ತಿದ್ದ ದಕ್ಷಿಣದ ಸರ್ಕಾರ 1863ರಲ್ಲಿ ಯೂರೋಪಿನಲ್ಲಿ 30 ಲಕ್ಷ ಪೌಂಡುಗಳ ಸಾಲ ಎತ್ತಿತು. ಪ್ಯಾರಿಸಿನ ಎರ್ಲಾಂಗರ್ ಸಂಸ್ಥೆ ಇದನ್ನು ಏರ್ಪಡಿಸಿತು, ಲಂಡನ್ನಿನಲ್ಲಿ ನಡೆಸಿಕೊಟ್ಟವರು ಶ್ರೋಡರ್. ಸಾಲಪತ್ರ ಹಿಡಿದವರು ಬಯಸಿದರೆ ಪೌಂಡು ತೂಕಕ್ಕೆ ಆರು ಪೆನ್ಸಿನಂತೆ ಹತ್ತಿಯನ್ನೇ ಪಡೆಯಬಹುದಿತ್ತು. ಆಗ ಲಿವರ್‌ಪೂಲಿನ ಧಾರಣೆ ಅದರ ಮೂರು ಪಟ್ಟಿಗೂ ಮೇಲಿತ್ತು. ಆದರೆ ಆ ಹತ್ತಿ ಇದ್ದದ್ದು ಮುತ್ತಿಗೆಯ ಒಳಗೆ. 1865ರಲ್ಲಿ ದಕ್ಷಿಣ ಸೋತ ಮೇಲೆ ಸಾಲಪತ್ರಗಳು ಬೆಲೆಯಿಲ್ಲದ ಕಾಗದಗಳಾದವು.

ನಮ್ಮ ರೈತರ ಕಥೆ ಇಲ್ಲಿ ಬಂದು ಸೇರುತ್ತದೆ. ಅಮೆರಿಕದ ಹತ್ತಿ ನಿಂತಾಗ ಲ್ಯಾಂಕಶೈರಿನ ಗಿರಣಿಗಳು ಭಾರತದ ಕಡೆ ತಿರುಗಿದವು. ಧಾರವಾಡ ಸೀಮೆಯಲ್ಲಿ ಅದಕ್ಕೂ ಎರಡು ದಶಕ ಮೊದಲೇ ಅಮೆರಿಕದ ತಳಿಯ ಹತ್ತಿಯನ್ನು ಬೆಳೆಸುವ ಪ್ರಯೋಗ ನಡೆದು ಯಶಸ್ವಿಯಾಗಿತ್ತು. ಆ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿಗೆ, ಅಲ್ಲಿಂದ ಮುಂಬಯಿಗೆ, ಮುಂಬಯಿಯಿಂದ ಆಫ್ರಿಕವನ್ನು ಸುತ್ತಿಕೊಂಡು ಲಿವರ್‌ಪೂಲಿಗೆ ಹೋಗುತ್ತಿತ್ತು. ಮೂರು ನಾಲ್ಕು ವರ್ಷ ಧಾರಣೆ ಕಂಡುಕೇಳರಿಯದಷ್ಟು ಏರಿತು. ಯುದ್ಧ ನಿಂತ 1865ರಲ್ಲಿ ಹಾಗೆಯೇ ಕುಸಿದು ಮುಂಬಯಿಯ ದೊಡ್ಡ ದೊಡ್ಡ ವರ್ತಕರು ದಿವಾಳಿಯಾದರು, ಅದರ ಪೆಟ್ಟಿಗೆ 1868ರಲ್ಲಿ ಬ್ಯಾಂಕ್ ಆಫ್ ಬಾಂಬೆಯೂ ಮುಳುಗಿತು. ಏರಿದ ಧಾರಣೆಯನ್ನು ನಂಬಿ ಸಾಲ ಮಾಡಿದ್ದ ರೈತನಿಗೆ ಸಾಲ ಮಾತ್ರ ಉಳಿಯಿತು. ಬೆಲೆ ಬೀಳುವ ಮೊದಲೇ ಸುದ್ದಿ ತಿಳಿದು ಮಾರಿಬಿಡುವ ಅನುಕೂಲ ವರ್ತಕನಿಗಿತ್ತು, ಬೆಳೆದವನಿಗೆ ಇರಲಿಲ್ಲ. ಹುತ್‌ನಂಥವರ ಶ್ರಮವನ್ನೂ ಮಾತಿನ ನಿಷ್ಠೆಯನ್ನೂ ಮೆಚ್ಚುವಾಗ ಈ ಸಂಗತಿಯನ್ನು ಅದರ ಪಕ್ಕದಲ್ಲಿಯೇ ಇಟ್ಟು ನೋಡಬೇಕೆಂಬ ತಮ್ಮ ಮಾತಿಗೆ ನಮ್ಮ ಪೂರ್ಣ ಒಪ್ಪಿಗೆ ಇದೆ.

ಪ್ರಶ್ನೆ: ಮುಂಬಯಿಯಲ್ಲಿ ಹತ್ತಿ ಕೊಳ್ಳುತ್ತಿದ್ದ ವೋಲ್ಕಾರ್ಟ್ ಕಂಪನಿಯವರು ಜರ್ಮನ್ನರೆ? ನಮ್ಮ ಕರಾವಳಿಗೂ ಜರ್ಮನ್ ವರ್ತಕರು ಬಂದಿದ್ದರೆ? (ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ)

ಉತ್ತರ: ವೋಲ್ಕಾರ್ಟ್ ಸಹೋದರರು ಜರ್ಮನ್ ಭಾಷೆಯಾಡುವ ಸ್ವಿಸ್ ಜನ, 1851ರಲ್ಲಿ ವಿಂಟರ್‌ತೂರ್ ಮತ್ತು ಮುಂಬಯಿ ಎರಡೂ ಕಡೆ ಒಟ್ಟಿಗೆ ಕಚೇರಿ ತೆರೆದರು. ಕರಾವಳಿಯ ಮಟ್ಟಿಗೆ ಹೇಳುವುದಾದರೆ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಅದರ ಪಾದ್ರಿಗಳಲ್ಲಿ ಹೆಚ್ಚಿನವರು ಜರ್ಮನ್ನರು. ಧರ್ಮಪ್ರಚಾರಕ್ಕೆ ಬಂದ ಈ ಸಂಸ್ಥೆ ಮುದ್ರಣ, ನೇಯ್ಗೆ ಮತ್ತು 1865ರಿಂದ ಹೆಂಚಿನ ಕಾರ್ಖಾನೆಯನ್ನೂ ನಡೆಸಿತು. ಅದರ ವ್ಯಾಪಾರಕ್ಕೆಂದೇ ಒಂದು ಕಂಪನಿ ಇತ್ತು. ಮಂಗಳೂರು ಹೆಂಚು ಹಡಗಿನಲ್ಲಿ ಹೊರದೇಶಗಳಿಗೂ ಹೋಗಿದೆ.

ಪ್ರಶ್ನೆ: ಆ ಸಂಸ್ಥೆಗಳು ಈಗಲೂ ಇವೆಯೆ? ಜರ್ಮನಿಯೊಡನೆ ಯುದ್ಧವಾದಾಗ ಲಂಡನ್ನಿನಲ್ಲಿದ್ದ ಈ ಮನೆತನಗಳ ಗತಿ ಏನಾಯಿತು? (ಓದುಗರು, ಹಿರಿಯೂರು)

ಉತ್ತರ: 1914ರ ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಘೋಷಿಸಿದಾಗ ಶ್ರೋಡರ್ ಸಂಸ್ಥೆಯ ಮುಖ್ಯಸ್ಥ ಬ್ರೂನೋ ಶ್ರೋಡರ್ ಇನ್ನೂ ಜರ್ಮನ್ ಪ್ರಜೆಯೇ ಆಗಿದ್ದ. ಸಂಸ್ಥೆಯನ್ನು ಶತ್ರುವಿನ ಆಸ್ತಿಯೆಂದು ಮುಚ್ಚಿದ್ದರೆ, ಅದು ಸಹಿ ಹಾಕಿದ್ದ ಬಿಲ್ಲುಗಳನ್ನು ಹಿಡಿದಿದ್ದ ಲಂಡನ್ನಿನ ಇತರ ಬ್ಯಾಂಕುಗಳೂ ಅಲುಗುತ್ತಿದ್ದವು. ಆದ್ದರಿಂದ ಆಗಸ್ಟ್ 7ರಂದೇ ಸರ್ಕಾರ ಆತನಿಗೆ ಬ್ರಿಟಿಷ್ ಪೌರತ್ವ ಕೊಟ್ಟಿತು. ಇಲ್ಲಿ ಬಾಸೆಲ್ ಮಿಷನ್ನಿಗೆ ಅಂಥ ರಿಯಾಯಿತಿ ಸಿಗಲಿಲ್ಲ: ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟು, ಹೆಂಚು ಮತ್ತು ನೇಯ್ಗೆಯ ಕಾರ್ಖಾನೆಗಳನ್ನು ಸರ್ಕಾರ ಕಿತ್ತುಕೊಂಡು, ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಗೆ ಒಪ್ಪಿಸಿತು.

ಬೇರಿಂಗ್ ಬ್ಯಾಂಕು 1890ರಲ್ಲಿ ಅರ್ಜೆಂಟೀನಾದ ಸಾಲಗಳಲ್ಲಿ ಸಿಲುಕಿ ಬ್ಯಾಂಕ್ ಆಫ್ ಇಂಗ್ಲೆಂಡಿನ ನೆರವಿನಿಂದ ಪಾರಾಯಿತು. 1995ರಲ್ಲಿ ಸಿಂಗಪುರದ ಒಬ್ಬ ನೌಕರನ ಅನಧಿಕೃತ ವಹಿವಾಟಿನಿಂದ 80 ಕೋಟಿ ಪೌಂಡಿಗೂ ಮಿಕ್ಕಿ ನಷ್ಟವಾದಾಗ ಯಾರೂ ನೆರವಿಗೆ ಬರಲಿಲ್ಲ. ಡಚ್ ಬ್ಯಾಂಕೊಂದು ಅದನ್ನು 1 ಪೌಂಡಿಗೆ ಕೊಂಡಿತು.

ಹುತ್ ಸಂಸ್ಥೆ 1936ರಲ್ಲಿ ಮುಕ್ತಾಯವಾಯಿತು. ಆ ಮನೆತನದ ಹೆಸರನ್ನು ಉಳಿಸಿದ್ದು ವ್ಯಾಪಾರಕ್ಕಿಂತ ಹೆಚ್ಚಾಗಿ ಪುಸ್ತಕಗಳು. ಹುತ್‌ನ ಮಗ ಹೆನ್ರಿಯನ್ನು ಭಾರತದಲ್ಲಿ ಕಂಪನಿ ಸರ್ಕಾರದ ನೌಕರಿಗೆ ಕಳಿಸುವ ಆಲೋಚನೆ ತಂದೆಗೆ ಇತ್ತು. ಅದಕ್ಕಾಗಿ ಹುಡುಗ ಪಾರಸಿ, ಅರಬ್ಬಿ, ಹಿಂದುಸ್ತಾನಿ ಕಲಿತ. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ಬದಲಾದಾಗ ತಂದೆ ಮನಸ್ಸು ಬದಲಿಸಿ ಅವನನ್ನು ತನ್ನ ಕಚೇರಿಗೇ ಸೇರಿಸಿಕೊಂಡ. ಹೆನ್ರಿಗೆ ವ್ಯಾಪಾರಕ್ಕಿಂತ ಹಳೆಯ ಪುಸ್ತಕಗಳ ಮೇಲೆ ಪ್ರೀತಿ. ಅವನು ಕೂಡಿಸಿದ ಅಪರೂಪದ ಗ್ರಂಥಗಳನ್ನು ಅವನ ಮಗ ಬೆಳೆಸಿದ, ಮತ್ತು ತನ್ನ ಮರಣಾನಂತರ ಅವುಗಳಲ್ಲಿ ಐವತ್ತನ್ನು ಬ್ರಿಟಿಷ್ ಮ್ಯೂಸಿಯಂ ತಾನೇ ಆರಿಸಿಕೊಳ್ಳಬೇಕೆಂದು ಉಯಿಲು ಬರೆದ. 1910ರಲ್ಲಿ ಅವನು ತೀರಿಕೊಂಡ ಬಳಿಕ ಮ್ಯೂಸಿಯಂ ತನ್ನ ಐವತ್ತನ್ನು ಆರಿಸಿಕೊಂಡಿತು, ಉಳಿದವು ವರ್ಷಗಳ ಕಾಲ ಹರಾಜಿನಲ್ಲಿ ಮಾರಾಟವಾದವು.